ಕೈ ಬಿಡಿಸಿಕೊಳ್ಳುವ ವಿದ್ಯೆ ಮತ್ತು ಅದಕ್ಕಿಂತ ಮೊದಲಿನ ಅರ್ಧ ನಿಮಿಷ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗಿರುವ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ದಿನದ ಸ್ವರಕ್ಷಣಾ ಶಿಬಿರ ನಡೆದಾಗ ನಾನು ಸಭಾಂಗಣದ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ತರಬೇತುದಾರರು ಹುಡುಗಿಯರನ್ನು ಇಬ್ಬಿಬ್ಬರಾಗಿ ನಿಲ್ಲಿಸಿ, ಒಬ್ಬಳು ಮತ್ತೊಬ್ಬಳ ಮಣಿಕಟ್ಟನ್ನು ಹಿಡಿಯಬೇಕು, ಹಿಡಿಸಿಕೊಂಡವಳು ತನ್ನ ಕೈಯನ್ನು ಎದುರಿನವಳ ಹೆಬ್ಬೆರಳಿನ ಕಡೆಗೆ ಹೊರಳಿಸಿ ರಭಸದಿಂದ ಎಳೆದುಕೊಳ್ಳಬೇಕು ಎಂದು ತೋರಿಸಿಕೊಟ್ಟರು. ನಾಲ್ಕು ಬೆರಳುಗಳ ಎದುರು ಹೆಬ್ಬೆರಳು ಒಂಟಿಯಾಗಿರುವುದರಿಂದ ಯಾವ ಹಿಡಿತವಾದರೂ ಅಲ್ಲಿಯೇ ಸಡಿಲವೆಂಬ ಅವರ ವಿವರಣೆ ಸರಿಯಾಗಿಯೇ ಇತ್ತು. ಹತ್ತು ನಿಮಿಷದೊಳಗೆ ಎಲ್ಲರ ಕೈಗಳೂ ಸಲೀಸಾಗಿ ಬಿಡಿಸಿಕೊಳ್ಳತೊಡಗಿದವು. ಸಂಜೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನನ್ನು ಕರೆದೊಯ್ಯಲು ಬಂದ ಅಣ್ಣನ ಮುಂದೆ ಕೈ ಚಾಚಿ, "ಅಣ್ಣ, ಗಟ್ಟಿ ಹಿಡಿ ನೋಡುವ" ಎಂದಳು. ಕಾಲೇಜಿನಲ್ಲಿ ವಾಲಿಬಾಲ್ ಆಡುವ ಹುಡುಗ ಅವನು. ತಂಗಿ ಕೇಳಿದಳೆಂದು ನಿಜವಾಗಿಯೂ ಗಟ್ಟಿ ಹಿಡಿದ. ಅವಳು ಹೇಳಿಕೊಟ್ಟಂತೆಯೇ ಕೈ ಹೊರಳಿಸಿ ಎಳೆದಳು. ಕೈ ಬರಲಿಲ್ಲ. ಎರಡನೆಯ ಸಲ ಎಳೆದಾಗ ಅವನು ತನ್ನ ಕಡೆಗೆ ಒಂದಿಷ್ಟು ಜಗ್ಗಿದ. ಅವಳ ಇಡೀ ಮೈ ಎರಡು ಹೆಜ್ಜೆ ಮುಂದಕ್ಕೆ ಬಂತು. ನಗುತ್ತಾ ಆರಂಭಿಸಿದ್ದವಳ ಮುಖ ಸಣ್ಣದಾಯಿತು. ನನ್ನತ್ತ ತಿರುಗಿ, "ಇದು ಆಗುವುದಿಲ್ಲ ಅಲ್ಲವಾ ಟೀಚರ್?" ಎಂದು ಕೇಳಿದಳು.

ಆ ದಿನ ನಾನು ಅವಳಿಗೆ ಸಮಾಧಾನದ ಮಾತು ಹೇಳಿ ಕಳುಹಿಸಿದೆ. ಅದು ಉತ್ತರವಾಗಿರಲಿಲ್ಲ. ಈಚಿನ ವರ್ಷಗಳಲ್ಲಿ ಕಾಸರಗೋಡು ಜಿಲ್ಲೆಯ ಶಾಲೆ, ಕಾಲೇಜು, ಕುಟುಂಬಶ್ರೀ ಎಂಬ ಸ್ತ್ರೀಯರ ಸ್ವಸಹಾಯ ಘಟಕಗಳಲ್ಲಿ ಇಂಥ ಶಿಬಿರಗಳು ಸಾಮಾನ್ಯವಾಗಿವೆ. ಕೇರಳ ಪೊಲೀಸರು ಸ್ತ್ರೀಯರಿಗೆ ಉಚಿತವಾಗಿ ತರಬೇತಿ ಕೊಡುತ್ತಾರೆ. ಸಮಗ್ರ ಶಿಕ್ಷಾ ಯೋಜನೆಯಡಿ ಆರರಿಂದ ಹನ್ನೆರಡನೆಯ ತರಗತಿಯವರೆಗಿನ ಹುಡುಗಿಯರಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಮೂರು ತಿಂಗಳ ಆತ್ಮರಕ್ಷಣಾ ಪ್ರಶಿಕ್ಷಣಕ್ಕೆ ಅವಕಾಶವಿದೆ. ಎಂದೂ ಅಖಾಡಕ್ಕೆ ಇಳಿಯದವರಿಗೆ ಇಷ್ಟರಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ಬಿಡಿಸಿ ಹೇಳುವವರು ಮಾತ್ರ ಕಡಿಮೆ. ಸುಳ್ಳು ಧೈರ್ಯ ತುಂಬುವುದು ಅಪಾಯ. ಯಾವುದರಿಂದಲೂ ಪ್ರಯೋಜನವಿಲ್ಲವೆಂದು ಕೈಚೆಲ್ಲುವುದು ಅದಕ್ಕಿಂತ ದೊಡ್ಡ ಅಪಾಯ. ಆದ್ದರಿಂದ ಆ ಹುಡುಗಿಯ ಪ್ರಶ್ನೆಗೆ ತಡವಾಗಿಯಾದರೂ ಸರಿಯಾದ ಉತ್ತರ ಕೊಡಲು ಇಲ್ಲಿ ಪ್ರಯತ್ನಿಸುತ್ತೇನೆ.

ಮೊದಲಿಗೆ ಬಲದ ಲೆಕ್ಕ. ಜರ್ಮನಿಯಲ್ಲಿ 20ರಿಂದ 25 ವರ್ಷ ಪ್ರಾಯದ 1,654 ಪುರುಷರ ಮತ್ತು 533 ಸ್ತ್ರೀಯರ ಕೈಹಿಡಿತದ ಬಲವನ್ನು ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, 100ರಲ್ಲಿ 90 ಸ್ತ್ರೀಯರ ಹಿಡಿತವು 100ರಲ್ಲಿ 95 ಪುರುಷರ ಹಿಡಿತಕ್ಕಿಂತ ದುರ್ಬಲವಾಗಿತ್ತು. ಇನ್ನೂ ಗಮನಿಸಬೇಕಾದ ಸಂಗತಿಯೆಂದರೆ, ಜೂಡೋ, ಹ್ಯಾಂಡ್‌ಬಾಲ್‌ನಂಥ ಆಟಗಳಲ್ಲಿ ಪಳಗಿದ ಮಹಿಳಾ ಕ್ರೀಡಾಪಟುಗಳ ಹಿಡಿತ ಕೂಡ ಯಾವ ತರಬೇತಿಯೂ ಇಲ್ಲದ ಪುರುಷರ ನಡುಮಟ್ಟವನ್ನು ದಾಟಿದ್ದು ಅಪರೂಪ. ಹೀಗಿರುವಾಗ ಹಿಡಿತಕ್ಕೆ ಪ್ರತಿಯಾಗಿ ಹಿಡಿತ, ಎಳೆತಕ್ಕೆ ಪ್ರತಿಯಾಗಿ ಎಳೆತ ಎಂಬ ದಾರಿಯಲ್ಲಿ ಹೋದರೆ ಒಂಬತ್ತನೆಯ ತರಗತಿಯ ಹುಡುಗಿ ಸೋಲುತ್ತಾಳೆ. ಹೆಬ್ಬೆರಳಿನ ಕಡೆಗೆ ಹೊರಳಿಸುವ ಪಟ್ಟು ಸುಳ್ಳೆಂದು ಇದರ ಅರ್ಥವಲ್ಲ. ಹಿಡಿದವನ ಗಮನ ಒಂದು ಕ್ಷಣ ಬೇರೆಡೆಗೆ ಹರಿದಾಗ, ಅವನ ಮೊಣಕಾಲಿಗೆ ಒದೆ ಬಿದ್ದಾಗ ಅಥವಾ ಕಿವಿಯ ಹತ್ತಿರ ಕಿರುಚಿದಾಗ ಅದು ಕೆಲಸ ಮಾಡುತ್ತದೆ. ಗೆಳತಿಯ ಮೆದು ಹಿಡಿತವನ್ನು ಬಿಡಿಸಿಕೊಳ್ಳುವ ಅಭ್ಯಾಸದಲ್ಲಿ ಈ ಅರ್ಧಭಾಗವೇ ಕಾಣೆಯಾಗಿತ್ತು.

ಬಲಕ್ಕಿಂತಲೂ ಹೆಚ್ಚಾಗಿ ಲೆಕ್ಕ ತಪ್ಪಿಸುವುದು ಮೈಯ ಭಯ. ಹಠಾತ್ತಾಗಿ ಅಪಾಯ ಎದುರಾದಾಗ ಎದೆ ಬಡಿತ ಏರುತ್ತದೆ, ನೋಟ ಕಿರಿದಾಗುತ್ತದೆ, ಬೆರಳುಗಳ ನಯವಾದ ಚಲನೆಗಳು ಕೈಕೊಡುತ್ತವೆ. ಬೀಗದ ತೂತಿಗೆ ಕೀಲಿಕೈ ಹಾಕಲು ತಡಕಾಡುವ ಆ ಹೊತ್ತಿನಲ್ಲಿ ಬೆರಳು ತಿರುಚಿ, ಮೊಣಕೈ ಮಡಚಿ, ಸೊಂಟ ತಿರುಗಿಸಿ ಕೆಡಹುವ ನಾಲ್ಕು ಹಂತದ ಪಟ್ಟು ನೆನಪಿಗೂ ಬರುವುದಿಲ್ಲ, ಕೈಗೂ ಬರುವುದಿಲ್ಲ. ಇನ್ನು ಕೆಲವರಲ್ಲಿ ಮೈ ಪೂರ್ತಿಯಾಗಿ ಸ್ತಬ್ಧವಾಗುತ್ತದೆ. ಕೂಗಬೇಕೆಂದರೂ ಗಂಟಲು ಏಳುವುದಿಲ್ಲ, ಓಡಬೇಕೆಂದರೂ ಕಾಲು ಕದಲುವುದಿಲ್ಲ. ಸ್ಟಾಕ್‌ಹೋಮಿನ ಚಿಕಿತ್ಸಾಲಯವೊಂದಕ್ಕೆ ಅತ್ಯಾಚಾರದ ನಂತರ ಬಂದ 298 ಸ್ತ್ರೀಯರನ್ನು ಕುರಿತ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು 70 ಶೇಕಡಾ ಮಂದಿ ದಾಳಿಯ ಹೊತ್ತಿನಲ್ಲಿ ಗಮನಾರ್ಹವಾದ ಮೈಮರಗಟ್ಟುವಿಕೆಯನ್ನು ಅನುಭವಿಸಿದ್ದರು. ಇದು ಹೇಡಿತನವೂ ಅಲ್ಲ, ಒಪ್ಪಿಗೆಯೂ ಅಲ್ಲ. ಮನಸ್ಸಿನ ಅಪ್ಪಣೆಗೆ ಕಾಯದೆ ನರಮಂಡಲ ತಾನಾಗಿ ಮಾಡುವ ಕೆಲಸ. ನಮ್ಮ ಕಾನೂನು ಕೂಡ ಇದನ್ನು ಗುರುತಿಸಿದೆ: ಸ್ತ್ರೀಯೊಬ್ಬಳು ಮೈಯಿಂದ ಪ್ರತಿರೋಧ ತೋರಲಿಲ್ಲವೆಂಬ ಒಂದೇ ಕಾರಣಕ್ಕೆ ಅವಳು ಒಪ್ಪಿದ್ದಾಳೆಂದು ಎಣಿಸಬಾರದು ಎಂದು ಭಾರತೀಯ ನ್ಯಾಯ ಸಂಹಿತೆಯ 63ನೆಯ ಸೆಕ್ಷನ್ನಿನ ವಿವರಣೆಯಲ್ಲಿ ಸ್ಪಷ್ಟವಾಗಿ ಹೇಳಲಾಗಿದೆ. "ಶಿಬಿರಕ್ಕೆ ಹೋಗಿಯೂ ಯಾಕೆ ಹೊಡೆಯಲಿಲ್ಲ?" ಎಂದು ಮನೆಯವರು ಕೇಳುವ ಸ್ಥಿತಿ ಬಂದರೆ, ಶಿಬಿರವೇ ಆ ಮಗುವಿಗೆ ಎರಡನೆಯ ಪೆಟ್ಟಾಗುತ್ತದೆ. ಯಾವ ತರಬೇತಿಯೇ ಆಗಲಿ, ಈ ಮಾತನ್ನು ಮೊದಲ ಗಂಟೆಯಲ್ಲೇ ಮಕ್ಕಳಿಗೂ ಹೆತ್ತವರಿಗೂ ಬಿಡಿಸಿ ಹೇಳದಿದ್ದರೆ ಅದು ಅಪೂರ್ಣ ಎಂದು ನಾನು ಭಾವಿಸುತ್ತೇನೆ.

ತರಬೇತಿಯ ಕ್ರಮವನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ಚಂದ್ರಗಿರಿ ಹೊಳೆ ದಾಟಿ ನೀಲೇಶ್ವರದ ಕಡೆಗೆ ಹೋದರೆ ಇಂದಿಗೂ ಕೇರಳದ ಸಾಂಪ್ರದಾಯಿಕ ಯುದ್ಧಕಲೆ ಕಳರಿಪಯಟ್ಟನ್ನು ಕಲಿಸುವ ಕಳರಿಗಳಿವೆ. ವಡಕ್ಕನ್, ಅಂದರೆ ಬಡಗು ಸಂಪ್ರದಾಯದ ಕಳರಿಯೆಂದರೆ ನೆಲವನ್ನು ಅಗೆದು ಮಾಡಿದ, ಸಾಧಾರಣವಾಗಿ 42 ಅಡಿ ಉದ್ದ, 21 ಅಡಿ ಅಗಲದ ಅಂಕಣ. ಅದರ ನೈಋತ್ಯ ಮೂಲೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿರುವ ಪೂತ್ತರ ಎಂಬ ಪೂಜಾಸ್ಥಾನ. ಅಲ್ಲಿಗೆ ಕಾಲಿಟ್ಟ ಮಗು ಮೊದಲು ಕಲಿಯುವುದು ಮೈತ್ತಾರಿ, ಅಂದರೆ ಮೈಯನ್ನು ಬಗ್ಗಿಸುವ, ಬಲಿಸುವ, ನೆಲದ ಮೇಲೆ ಭದ್ರವಾಗಿ ನಿಲ್ಲಿಸುವ ಸಾಧನೆ. ಅದಾದ ಮೇಲೆ ಕೋಲ್ತಾರಿ ಎಂಬ ಮರದ ಆಯುಧಗಳ ಪಾಠ; ಆಮೇಲೆ ಅಂಗತ್ತಾರಿ ಎಂಬ ಲೋಹದ ಆಯುಧಗಳ ಪಾಠ. ಬರಿಗೈಯಲ್ಲಿ ಎದುರಾಳಿಯನ್ನು ತಡೆಯುವ, ಹಿಡಿಯುವ, ಬಿಡಿಸಿಕೊಳ್ಳುವ ವೆರುಂಕೈ ಬರುವುದು ಎಲ್ಲಕ್ಕಿಂತ ಕೊನೆಗೆ. ನಾವು ಒಂದು ದಿನದ ಶಿಬಿರದಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಆರಂಭಿಸುವುದನ್ನು ಗುರುಕ್ಕಳ್, ಅಂದರೆ ಕಳರಿಯ ಗುರು ಆದವರು ವರ್ಷಗಳ ನಂತರ, ಶಿಷ್ಯರ ಕಣ್ಣು, ಹೆಜ್ಜೆ, ಉಸಿರು ಎಲ್ಲವೂ ಹದಕ್ಕೆ ಬಂದಿವೆಯೆಂದು ಖಚಿತವಾದ ಮೇಲೆ ಕಲಿಸುತ್ತಾರೆ. ಎದುರಾಳಿಯ ಆಯುಧದ ಎದುರು ಏನೂ ಇಲ್ಲದ ಕೈ ಒಡ್ಡುವುದು ಅತ್ಯಂತ ಕಷ್ಟದ ವಿದ್ಯೆಯೆಂಬುದು ಆ ಪರಂಪರೆಗೆ ಗೊತ್ತಿದೆ. 2017ರಲ್ಲಿ ಪದ್ಮಶ್ರೀ ಪಡೆದ ವಡಕರದ ಮೀನಾಕ್ಷಿ ಅಮ್ಮ ಎಪ್ಪತ್ತು ದಾಟಿದ ಮೇಲೂ ಕಚ್ಚೆ ಬಿಗಿದು ಕಳರಿಗಿಳಿಯುವ ದೃಶ್ಯವನ್ನು ನಾವೆಲ್ಲ ಹೆಮ್ಮೆಯಿಂದ ಹಂಚಿಕೊಳ್ಳುತ್ತೇವೆ. ಅವರು ಏಳರ ಹರೆಯದಲ್ಲೇ ಆರಂಭಿಸಿದರು ಎಂಬುದನ್ನೂ ಜತೆಗೆ ನೆನೆಯಬೇಕು. ಇಂದು ದೈವಾರಾಧನೆಯ ತಾಣಗಳಾಗಿರುವ ನಮ್ಮ ತುಳುನಾಡಿನ ಗರಡಿಗಳೂ ಒಂದು ಕಾಲದ ಅಂಗಸಾಧನೆಯ ನೆನಪನ್ನು ಹೆಸರಿನಲ್ಲಿಯೇ ಉಳಿಸಿಕೊಂಡಿವೆ. ಸಾಧನೆ ಎಂಬ ಮಾತೇ ದಿನಗಳ ಲೆಕ್ಕದ್ದಲ್ಲ.

ಜಪಾನಿನ ಜಿಗೊರೊ ಕಾನೊ 1882ರಲ್ಲಿ ಟೋಕಿಯೋದಲ್ಲಿ ಕೊಡೊಕಾನ್ ಶಾಲೆ ತೆರೆದು ಜೂಡೋವನ್ನು ರೂಪಿಸಿದಾಗ ಮಾಡಿದ ಒಂದು ಆಯ್ಕೆ ಇಲ್ಲಿ ಬಹಳ ಪ್ರಸ್ತುತ. ಜುಜುತ್ಸು ಎಂಬ ಹಳೆಯ ಯುದ್ಧಕಲೆಯಲ್ಲಿ ಕಣ್ಣು ಚುಚ್ಚುವ, ಎಲುಬು ಮುರಿಯುವ ಘೋರ ಪಟ್ಟುಗಳಿದ್ದವು. ಅವುಗಳನ್ನು ಜತೆಗಾರನ ಮೇಲೆ ಪೂರ್ತಿ ಬಲದಿಂದ ಪ್ರಯೋಗಿಸಿ ನೋಡಲು ಸಾಧ್ಯವಿರಲಿಲ್ಲವಾದ್ದರಿಂದ ಅವುಗಳ ಅಭ್ಯಾಸವೆಲ್ಲ ಪೂರ್ವನಿರ್ಧರಿತ ಚಲನೆಗಳ ಮೂಲಕವೇ ನಡೆಯುತ್ತಿತ್ತು. ಕಾನೊ ಅಪಾಯಕಾರಿ ಪಟ್ಟುಗಳನ್ನು ಬದಿಗಿಟ್ಟು, ಇಬ್ಬರೂ ತಮ್ಮ ಪೂರ್ತಿ ಬಲ ಹಾಕಿ ಸೆಣಸಬಹುದಾದ ರಂದೋರಿ ಎಂಬ ಮುಕ್ತ ಅಭ್ಯಾಸಕ್ಕೆ ಪ್ರಾಧಾನ್ಯ ಕೊಟ್ಟರು. ಎದುರಾಳಿ ಒಪ್ಪಿ ಬೀಳುವ ನೂರು ಪಟ್ಟುಗಳಿಗಿಂತ ಒಪ್ಪದ ಎದುರಾಳಿಯ ಮೇಲೆ ಮತ್ತೆ ಮತ್ತೆ ಸೋತು, ಗೆದ್ದು, ಕೈವಶವಾದ ನಾಲ್ಕು ಪಟ್ಟುಗಳು ಮೇಲು ಎಂಬುದು ಆ ಆಯ್ಕೆಯ ಹಿಂದಿನ ತಿಳಿವಳಿಕೆ. ಯಾವುದೇ ಸ್ವರಕ್ಷಣಾ ತರಗತಿಯ ಗುಣವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಮಾನದಂಡ ನನಗೆ ತೋರುವುದಿಲ್ಲ. ಎದುರಿಗೆ ನಿಂತವರು ಬಿಡದೆ ಹಿಡಿಯುತ್ತಾರೆಯೇ, ಕಲಿಯುವವರಿಗೆ ಸೋಲಲು ಅವಕಾಶವಿದೆಯೇ ಎಂದು ಹೆತ್ತವರು ಕೇಳಬೇಕು.

ಮೊಬೈಲಿನಲ್ಲಿ ಹರಿದಾಡುವ ಕಿರುವಿಡಿಯೋಗಳು ಈ ಮಾನದಂಡದಲ್ಲಿ ನಿಲ್ಲುವುದೇ ಇಲ್ಲ. ಅದರಲ್ಲೂ ಚೂರಿ ಹಿಡಿದ ಕೈಯನ್ನು ತಿರುಚಿ ಚೂರಿ ಕಸಿಯುವ ವಿಡಿಯೋಗಳನ್ನು ನೋಡಿದಾಗ ನನಗೆ ನಿಜವಾಗಿಯೂ ಭಯವಾಗುತ್ತದೆ, ಏಕೆಂದರೆ ಅವುಗಳಲ್ಲಿ ಚೂರಿ ಒಂದೇ ಸಲ, ನಿಧಾನವಾಗಿ, ನೇರವಾಗಿ ಬರುತ್ತದೆ ಮತ್ತು ಬಂದಲ್ಲಿಯೇ ನಿಂತುಬಿಡುತ್ತದೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನಿಸ್ ಟ್ಯೂಲರ್ 1983ರಲ್ಲಿ ಬರೆದ ಲೇಖನದ ಪ್ರಕಾರ, ಸಾಧಾರಣ ಮನುಷ್ಯನೊಬ್ಬ 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಿ ಇರಿಯಬಲ್ಲ; ಪಿಸ್ತೂಲನ್ನು ಒರೆಯಿಂದ ತೆಗೆದು ಗುರಿಯಿಡಲು ತರಬೇತಾದ ಪೊಲೀಸರಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಪಿಸ್ತೂಲಿದ್ದವರ ಸ್ಥಿತಿಯೇ ಹೀಗಿರುವಾಗ ಬರಿಗೈಯವರು ಚೂರಿಯ ಎದುರು ಸೆಣಸಲು ಹೋಗುವುದು ಕೊನೆಯ ದಾರಿಯಾಗಬೇಕು. ಹಣ, ಮೊಬೈಲ್, ಬಂಗಾರ ಕೇಳಿದರೆ ದೂರ ಎಸೆದು ವಿರುದ್ಧ ದಿಕ್ಕಿಗೆ ಓಡುವುದು ಒಳ್ಳೆಯದು. ಬೈಕಿನಲ್ಲಿ ಬಂದು ದಾರಿ ಕೇಳುವ ನೆಪದಲ್ಲಿ ಕುತ್ತಿಗೆಗೆ ಕೈಹಾಕುವ ಸರಗಳ್ಳರ ವಿಷಯದಲ್ಲಿಯೂ ಇದೇ ಮಾತು. ಕರಿಮಣಿಯನ್ನು ಬಿಗಿಹಿಡಿದು ರಸ್ತೆಯಲ್ಲಿ ಎಳೆದುಕೊಂಡು ಹೋಗಲ್ಪಟ್ಟು ಸೊಂಟ ಮುರಿದುಕೊಳ್ಳುವುದಕ್ಕಿಂತ, ಮಾತನಾಡಿಸಿದವನಿಗೂ ತನಗೂ ನಡುವೆ ಗೇಟು ಅಥವಾ ಎರಡು ಮಾರು ಅಂತರ ಇಟ್ಟುಕೊಳ್ಳುವ ಅಭ್ಯಾಸ ಹಿರಿಯರನ್ನು ಹೆಚ್ಚು ಕಾಯುತ್ತದೆ.

ಹಾಗಾದರೆ ತರಬೇತಿಯಿಲ್ಲದವರ ಕೈಕಾಲಿಗೆ ಏನೂ ಬರುವುದಿಲ್ಲವೇ? ಬರುತ್ತದೆ. ಭಯದಲ್ಲಿ ನಯವಾದ ಚಲನೆಗಳು ಕೆಟ್ಟರೂ ದೊಡ್ಡ ಸ್ನಾಯುಗಳ ಒರಟು ಚಲನೆಗಳು ಉಳಿಯುತ್ತವೆ. ಅಂಗೈಯ ಬುಡದಿಂದ ಮೂಗಿನ ಮೇಲೆ ಹೊಡೆಯುವುದು, ಹಿಂದಿನಿಂದ ತಬ್ಬಿದವನ ಪಕ್ಕೆಗೆ ಮೊಣಕೈಯಿಂದ ತಿವಿಯುವುದು, ಹಿಮ್ಮಡಿಯಿಂದ ಪಾದವನ್ನು ತುಳಿಯುವುದು, ಮೊಣಕಾಲಿನಿಂದ ತೊಡೆಸಂದಿಗೆ ಗುದ್ದುವುದು, ಬಾಯಿಗೆ ಅಡ್ಡ ಬಂದ ಕೈಯನ್ನು ಕಚ್ಚುವುದು, ಇವು ಅಷ್ಟಿಷ್ಟು ಅಭ್ಯಾಸ ಮಾಡಿದವರಿಗೂ ಸಾಧ್ಯ. ಮುಷ್ಟಿ ಕಟ್ಟಿ ಗುದ್ದಿದರೆ ಅಭ್ಯಾಸವಿಲ್ಲದವರ ಬೆರಳಿನ ಎಲುಬೇ ಮುರಿಯುವ ಸಂಭವವಿರುವುದರಿಂದ ಅಂಗೈಯ ಬುಡ ವಾಸಿ. ಇವುಗಳಲ್ಲಿ ಯಾವುದೂ ಎದುರಾಳಿಯನ್ನು ಮಲಗಿಸುವುದಿಲ್ಲ. ತೊಡೆಸಂದಿಯ ಪೆಟ್ಟು ಬಿದ್ದ ಕೂಡಲೇ ಕುಸಿಯುತ್ತಾನೆಂಬ ನಂಬಿಕೆಯೂ ಎಲ್ಲ ಸಲ ನಿಜವಾಗುವುದಿಲ್ಲ. ಸಿಗುವುದು ಎರಡು ಮೂರು ಸೆಕೆಂಡು. ಆ ಸೆಕೆಂಡುಗಳಲ್ಲಿ ಯಾವ ಕಡೆಗೆ ಓಡಬೇಕು, ಎಲ್ಲಿ ಬೆಳಕಿದೆ, ಯಾವ ಅಂಗಡಿ ತೆರೆದಿದೆ ಎಂಬುದು ಮೊದಲೇ ಕಣ್ಣಿಗೆ ಬಿದ್ದಿದ್ದರೆ ಮಾತ್ರ ಪೆಟ್ಟಿಗೆ ಅರ್ಥ. ಹೊಡೆದ ಮೇಲೆ ಫಲಿತಾಂಶ ನೋಡುತ್ತಾ ನಿಲ್ಲುವುದು ಅಭ್ಯಾಸವಿಲ್ಲದವರಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು. ಆದ್ದರಿಂದ ಅಭ್ಯಾಸದಲ್ಲಿ ಪ್ರತಿ ಪೆಟ್ಟೂ ಓಟದಲ್ಲಿಯೇ ಮುಗಿಯಬೇಕು, ಸಭಾಂಗಣದ ಬಾಗಿಲಿನವರೆಗೆ ನಿಜವಾಗಿ ಓಡಿಸಬೇಕು.

ಪೆಪ್ಪರ್ ಸ್ಪ್ರೇ, ಸೇಫ್ಟಿ ಪಿನ್, ಕೊಡೆ, ಸೀಟಿ ಮೊದಲಾದವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಲು ಪರವಾನಗಿ ಬೇಕಾಗಿಲ್ಲ. ಆದರೆ ಬ್ಯಾಗಿನ ತಳದಲ್ಲಿದ್ದರೆ ಅದು ಇಲ್ಲದಂತೆಯೇ, ಎದುರುಗಾಳಿಯಲ್ಲಿ ಹಾರಿಸಿದರೆ ತನ್ನ ಕಣ್ಣಿಗೇ ಬರುತ್ತದೆ. ರಶ್ಶಿನ ಬಸ್ಸಿನಲ್ಲಿ ಸೇಫ್ಟಿ ಪಿನ್ ಹಿಡಿದು ನಿಂತ ನಮ್ಮ ಅಕ್ಕಂದಿರ ಪೀಳಿಗೆಗೆ ಒಂದು ಸಂಗತಿ ಚೆನ್ನಾಗಿ ತಿಳಿದಿತ್ತು: ಸಾಧನ ಬೆರಳಿನಲ್ಲಿರಬೇಕು, ಪೆಟ್ಟಿಗೆಯಲ್ಲಿ ಅಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಅಪರಿಚಿತನ ದಾಳಿಯನ್ನು ಕಲ್ಪಿಸಿಕೊಂಡು. ನಿಜವಾದ ತೊಡಕು ಇರುವುದು ಬೇರೆಡೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯ ಪ್ರಕಾರ ದೇಶದಲ್ಲಿ ಸ್ತ್ರೀಯರ ವಿರುದ್ಧ ದಾಖಲಾದ 4,45,256 ಪ್ರಕರಣಗಳಲ್ಲಿ 31 ಶೇಕಡಾಕ್ಕಿಂತ ಹೆಚ್ಚಿನವು ಗಂಡ ಅಥವಾ ಗಂಡನ ಮನೆಯವರ ಕ್ರೌರ್ಯದವು. ಅತ್ಯಾಚಾರದ ಪ್ರಕರಣಗಳಲ್ಲಂತೂ 100ರಲ್ಲಿ 95ಕ್ಕೂ ಹೆಚ್ಚು ಸಲ ಆರೋಪಿ ಪರಿಚಿತನೇ: ಮನೆಯವನು, ನೆರೆಕರೆಯವನು, ಸ್ನೇಹಿತ, ಕೆಲಸ ಕೊಟ್ಟವನು. ದಾಖಲಾಗದೆ ಉಳಿದವುಗಳಲ್ಲಿ ಪರಿಚಿತರ ಪಾಲು ಇನ್ನೂ ಹೆಚ್ಚಿರುವುದೇ ಸಹಜ. ಶಿಬಿರಗಳಲ್ಲಿ ಮಾತ್ರ ಕತ್ತಲ ರಸ್ತೆಯಲ್ಲಿ ಪೊದೆಯ ಹಿಂದಿನಿಂದ ಹಾರುವ ಮುಸುಕುಧಾರಿಯನ್ನೇ ಎದುರಿಟ್ಟುಕೊಂಡು ಪಟ್ಟು ಕಲಿಸುತ್ತೇವೆ. ಅಪರಿಚಿತನ ಮೂಗಿಗೆ ಹೊಡೆಯುವ ಧೈರ್ಯ ಬರಬಹುದು. ಮದುವೆಮನೆಯಲ್ಲಿ ಬೆನ್ನ ಮೇಲೆ ಕೈಯಿಡುವ ದೂರದ ಮಾವನಿಗೆ, ಟ್ಯೂಶನ್ ಹೇಳಿಕೊಡುವವರಿಗೆ, ಮಳೆಯಲ್ಲಿ ಬೈಕ್ ನಿಲ್ಲಿಸಿ "ಬಾ ಮಗಾ, ಮನೆ ತನಕ ಬಿಡ್ತೇನೆ" ಎನ್ನುವ ನೆರೆಮನೆಯ ಅಣ್ಣನಿಗೆ ಬೇಡ ಎನ್ನುವ ಧೈರ್ಯ ಬರುವುದು ಕಷ್ಟ. ಹಿರಿಯರಿಗೆ ಎದುರಾಡಬಾರದು, ಮನೆಗೆ ಬಂದವರಿಗೆ ಬೇಸರ ಮಾಡಬಾರದು ಎಂದು ನಾವೇ ಕಲಿಸಿದ ಮರ್ಯಾದೆ ಆ ಹೊತ್ತಿನಲ್ಲಿ ಅವಳ ನಾಲಿಗೆಯನ್ನು ಹಿಡಿಯುತ್ತದೆ. ಇದು ತಪ್ಪಿರಲಾರದು, ನಾನೇ ಹೆಚ್ಚು ಯೋಚಿಸುತ್ತಿದ್ದೇನೆ ಎಂದು ಅವಳು ತನ್ನ ಮನಸ್ಸಿಗೆ ತಾನೇ ಹೇಳಿಕೊಳ್ಳುವ ಆ ಅರ್ಧ ನಿಮಿಷದಲ್ಲಿ ಅಪಾಯ ಹತ್ತಿರ ಬಂದಿರುತ್ತದೆ.

ಈ ಅರ್ಧ ನಿಮಿಷವನ್ನು ಕಲಿಸಲು ಸಾಧ್ಯವೆಂಬುದಕ್ಕೆ ಬಲವಾದ ಪುರಾವೆ ಇದೆ. ಕೆನಡಾದ ಮೂರು ವಿಶ್ವವಿದ್ಯಾಲಯಗಳ ಮೊದಲ ವರ್ಷದ 893 ವಿದ್ಯಾರ್ಥಿನಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತಲಾ ಮೂರು ಗಂಟೆಯ ನಾಲ್ಕು ಪಾಠಗಳನ್ನು, ಇನ್ನೊಂದು ಗುಂಪಿಗೆ ತಿಳಿವಳಿಕೆಯ ಕರಪತ್ರಗಳನ್ನು ಕೊಟ್ಟು ಚಾರ್ಲೀನ್ ಸೆನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದ ಫಲಿತಾಂಶ 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಒಂದು ವರ್ಷದ ಅವಧಿಯಲ್ಲಿ ಕರಪತ್ರದ ಗುಂಪಿನಲ್ಲಿ 9.8 ಶೇಕಡಾ ಮಂದಿ ಅತ್ಯಾಚಾರಕ್ಕೆ ಒಳಗಾಗಿದ್ದರೆ ಪಾಠ ಕೇಳಿದವರಲ್ಲಿ ಆ ಪ್ರಮಾಣ 5.2 ಶೇಕಡಾಕ್ಕೆ ಇಳಿದಿತ್ತು. ಅತ್ಯಾಚಾರದ ಯತ್ನ 9.3 ಶೇಕಡಾದಿಂದ 3.4ಕ್ಕೆ ಇಳಿದಿತ್ತು. ಒಟ್ಟು ಹನ್ನೆರಡು ಗಂಟೆಯಲ್ಲಿ ಯಾರೂ ಜಟ್ಟಿಗಳಾಗುವುದಿಲ್ಲ. ಆ ಪಾಠಗಳಲ್ಲಿ ಹೊಡೆಯುವ, ತಪ್ಪಿಸಿಕೊಳ್ಳುವ ಅಭ್ಯಾಸ ಇದ್ದರೂ ಅದು ಒಂದು ಪಾಲು ಮಾತ್ರ. ಪರಿಚಿತನ ನಡವಳಿಕೆಯಲ್ಲಿ ಅಪಾಯದ ಸುಳಿವನ್ನು ಗುರುತಿಸುವುದು, ಗುರುತಿಸಿದ್ದನ್ನು ಸ್ವತಃ ನಂಬುವುದು, ಮುಲಾಜಿನ ತಡೆಯನ್ನು ದಾಟಿ ಮಾತಿನಲ್ಲಿಯೂ ಮೈಯಲ್ಲಿಯೂ ಬೇಗನೆ ನಿರಾಕರಿಸುವುದು ಮತ್ತು ತನಗೇನು ಬೇಕು, ಏನು ಬೇಡ ಎಂಬುದರ ಬಗ್ಗೆ ಸ್ಪಷ್ಟತೆ ಹೊಂದುವುದು ಉಳಿದದ್ದು. ಕೆನಡಾದ ಕಾಲೇಜಿನ ಫಲಿತಾಂಶ ನಮ್ಮ ಜಿಲ್ಲೆಯ ಮುಳ್ಳೇರಿಯಾದ ಹೈಸ್ಕೂಲಿಗೆ ಹಾಗೆಯೇ ಅನ್ವಯಿಸುತ್ತದೆಂದು ಯಾರೂ ಹೇಳಲಾರರು; ಹಾಗಿದ್ದರೂ ತರಬೇತಿಯ ಹೊತ್ತನ್ನು ಯಾವುದಕ್ಕೆ ಖರ್ಚು ಮಾಡಬೇಕು ಎಂಬ ಪ್ರಶ್ನೆಗೆ ಅದು ದಿಕ್ಕು ತೋರಿಸುತ್ತದೆ.

ನಮ್ಮ ಜಿಲ್ಲೆಯ ಕನ್ನಡಿಗರಿಗೆ ಇದರಲ್ಲಿ ಬೇರೆಯೇ ಒಂದು ತೊಡಕಿದೆ. ಮಂಜೇಶ್ವರ, ಉಪ್ಪಳ, ಕುಂಬಳೆಗಳಿಂದ ದಿನಾಲೂ ರೈಲಿನಲ್ಲಿ ಮಂಗಳೂರಿಗೆ ಹೋಗಿ ಬರುವ ವಿದ್ಯಾರ್ಥಿನಿಯರು, ನರ್ಸುಗಳು, ಅಂಗಡಿ ಕೆಲಸದವರು ಒಂದು ರಾಜ್ಯದಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುತ್ತಾರೆ. ತುರ್ತು ಕರೆಯ ಸಂಖ್ಯೆ 112 ಎರಡೂ ಕಡೆ ಒಂದೇ. ಆದರೆ ಎರಡು ರಾಜ್ಯಗಳ ಗಡಿಯಾದ ತಲಪಾಡಿಯ ಆಸುಪಾಸಿನಲ್ಲಿ ನಿಂತವರ ಮೊಬೈಲು ಯಾವ ರಾಜ್ಯದ ಟವರಿಗೆ ಹತ್ತಿದೆ ಎಂಬುದು ಅವರಿಗೇ ತಿಳಿದಿರುವುದಿಲ್ಲ. ಆದ್ದರಿಂದ ಕರೆ ಮಾಡಿದಾಗ ಏನಾಯಿತೆಂಬುದಕ್ಕಿಂತ ಮೊದಲು ಊರಿನ ಮತ್ತು ಜಿಲ್ಲೆಯ ಹೆಸರನ್ನು ಹೇಳುವುದನ್ನು ರೂಢಿಸಬೇಕು. ಕರೆ ಎತ್ತಿದವರು ಮಲಯಾಳದಲ್ಲಿ ಕೇಳುವಾಗ ಗಾಬರಿಯಲ್ಲಿ ಕನ್ನಡವೂ ತಡವರಿಸುತ್ತದೆ. ಸ್ಥಳ, ಹೆಸರು, ಸಹಾಯ ಬೇಕು ಎಂಬ ಮೂರು ಮಾತುಗಳನ್ನು ಮಲಯಾಳದಲ್ಲಿ ಬಾಯಿಪಾಠ ಮಾಡಿಸುವುದು ಎಷ್ಟೋ ಪಟ್ಟುಗಳಿಗಿಂತ ಉಪಯುಕ್ತ. ಸ್ತ್ರೀಯರ ರಕ್ಷಣೆಗಾಗಿರುವ ಕೇರಳದ ಪಿಂಕ್ ಪೊಲೀಸ್ 1515, ಸ್ತ್ರೀಯರ ಸಹಾಯವಾಣಿ 181, ರೈಲಿನಲ್ಲಿ 139, ಮಕ್ಕಳಿಗೆ 1098 ಇವೆ. ಆದರೂ ಭಯದಲ್ಲಿ ಐದು ಸಂಖ್ಯೆಗಳು ನೆನಪಿರಲಾರವು, 112 ಒಂದನ್ನು ಬೆರಳಿಗೆ ಕಲಿಸಿದರೆ ಸಾಕು.

ರೈಲಿನ ವಿಷಯದಲ್ಲಿ ಇನ್ನೊಂದು ಮಾತು. 2011ರ ಫೆಬ್ರವರಿ 1ರಂದು ಎರ್ನಾಕುಳಂ–ಶೊರ್ನೂರು ಪ್ಯಾಸೆಂಜರಿನ ಮಹಿಳಾ ಬೋಗಿಯಲ್ಲಿ ಒಬ್ಬಳೇ ಉಳಿದಿದ್ದ ತರುಣಿಯ ಮೇಲೆ ನಡೆದ ಕೃತ್ಯವನ್ನು ಕೇರಳ ಮರೆತಿಲ್ಲ. ಅದರಿಂದ ಕಲಿಯಬೇಕಾದದ್ದು, ಅವಳಿಗೆ ಯಾವ ಪಟ್ಟು ಬರುತ್ತಿದ್ದರೆ ಬದುಕುತ್ತಿದ್ದಳು ಎಂಬುದನ್ನಲ್ಲ. ರಾತ್ರಿ ಬೋಗಿ ಖಾಲಿಯಾಗುತ್ತಾ ಬಂದಂತೆ, ಮಹಿಳಾ ಬೋಗಿಯೆಂಬ ಫಲಕವನ್ನು ನಂಬಿ ಕೂರದೆ ಮುಂದಿನ ನಿಲ್ದಾಣದಲ್ಲಿಯೇ ಜನರಿರುವ ಬೋಗಿಗೆ ಬದಲಾಗುವ ತಿಳಿವಳಿಕೆ ಪ್ರಯಾಣಿಕರಿಗೂ, ಒಬ್ಬರೇ ಉಳಿದವರನ್ನು ಗಮನಿಸುವ ಹೊಣೆ ರೈಲ್ವೆಗೂ ಇರಬೇಕು. ಹೊಣೆಯ ದೊಡ್ಡ ಪಾಲು ರೈಲ್ವೆಯದು ಮತ್ತು ಸರಕಾರದ್ದು. ಸ್ವರಕ್ಷಣೆಯ ಮಾತು ಆಡುವಾಗ ಅದನ್ನು ಹುಡುಗಿಯರ ಹೆಗಲಿಗೆ ಜಾರಿಸಬಾರದು.

ಬಸ್ಸಿನಲ್ಲಿ ಧ್ವನಿಯೇ ಮುಖ್ಯ ಆಯುಧ. ಸುಮ್ಮನೆ ಕಿರುಚಿದರೆ ಜನ ತಿರುಗಿ ನೋಡುತ್ತಾರೆಯೇ ಹೊರತು ಏನಾಗುತ್ತಿದೆಯೆಂದು ಅವರಿಗೆ ತಿಳಿಯುವುದಿಲ್ಲ. "ನೀಲಿ ಅಂಗಿಯವರೇ, ಕೈ ತೆಗೆಯಿರಿ" ಎಂದು ಯಾರು, ಏನು ಎಂಬುದನ್ನು ಎಲ್ಲರಿಗೂ ಕೇಳುವಂತೆ ಹೇಳಿದರೆ ಸುತ್ತಲಿನವರು ಸಾಕ್ಷಿಗಳಾಗುತ್ತಾರೆ, ಕಂಡಕ್ಟರು ನೋಡದಂತೆ ಇರಲಾರ. ಯಾವ ಭಾಷೆಯಲ್ಲಿ ಹೇಳಬೇಕು ಎಂದು ನಮ್ಮ ಮಕ್ಕಳು ಅನುಮಾನಿಸುವುದನ್ನು ನಾನು ಕಂಡಿದ್ದೇನೆ. ಕನ್ನಡದಲ್ಲಿ "ಕೈ ತೆಗಿ", ತುಳುವಿನಲ್ಲಿ "ಕೈ ದೆಪ್ಪು", ಮಲಯಾಳದಲ್ಲಿ "ಕೈ ಎಡುಕ್ಕ್". ಕೈ ಎಂಬುದು ಮೂರಕ್ಕೂ ಒಂದೇ. ಬಾಯಿಗೆ ಬಂದ ಭಾಷೆಯಲ್ಲಿ ಗಟ್ಟಿಯಾಗಿ ಹೇಳಿದರೆ ಕಾಸರಗೋಡಿನ ಬಸ್ಸಿನಲ್ಲಿ ಅದು ಅರ್ಥವಾಗದವರು ಯಾರೂ ಇರುವುದಿಲ್ಲ.

ಹೊಡೆದರೆ ಕೇಸು ತಮ್ಮ ಮೇಲೆಯೇ ಬೀಳಬಹುದೆಂಬ ಅಂಜಿಕೆ ಹಲವರಲ್ಲಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್ನುಗಳು ಖಾಸಗಿ ರಕ್ಷಣೆಯ ಹಕ್ಕನ್ನು ಕುರಿತವು. ತನ್ನ ದೇಹವನ್ನು ಮಾತ್ರವಲ್ಲ, ಇನ್ನೊಬ್ಬರ ದೇಹವನ್ನು ರಕ್ಷಿಸಲು ಮಾಡಿದ ಕೃತ್ಯವೂ ಅಪರಾಧವಾಗುವುದಿಲ್ಲ. ಕೊಲೆ, ತೀವ್ರ ಗಾಯ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿ ಮೊದಲಾದವುಗಳ ಭಯ ನ್ಯಾಯವಾಗಿ ಉಂಟಾದಾಗ ಈ ಹಕ್ಕು ದಾಳಿಕೋರನ ಸಾವಿಗೆ ಕಾರಣವಾಗುವವರೆಗೂ ವಿಸ್ತರಿಸಬಹುದು ಎಂದು 38ನೆಯ ಸೆಕ್ಷನ್ ಹೇಳುತ್ತದೆ. ಮಿತಿಯೂ ಇದೆ: ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಅಪಾಯದ ಭಯ ಕಳೆದ ಮೇಲೆ ಹಕ್ಕು ಮುಂದುವರಿಯುವುದಿಲ್ಲ. ಬಿದ್ದವನನ್ನು ಬೆನ್ನಟ್ಟಿ ಹೊಡೆದರೆ ಅದು ಸೇಡು. ಆದರೆ ಪ್ರಾಣಭಯದಲ್ಲಿರುವವರು ತಕ್ಕಡಿಯಲ್ಲಿ ತೂಗಿದಂತೆ ಪ್ರತಿ ಪೆಟ್ಟನ್ನು ಅಳೆದು ಕೊಡಬೇಕೆಂದು ನಿರೀಕ್ಷಿಸಲಾಗದು ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2010ರ ದರ್ಶನ್ ಸಿಂಗ್ ಪ್ರಕರಣವೂ ಸೇರಿದಂತೆ ಹಲವು ತೀರ್ಪುಗಳಲ್ಲಿ ತಳೆದಿದೆ.

ಆ ಶಾಲೆಯ ಶಿಬಿರದ ನಂತರ ನಾವು ಮೂವರು ಶಿಕ್ಷಕಿಯರು ಕುಳಿತು ಮಾತನಾಡಿ, ಮರುವರ್ಷ ಒಂದು ದಿನದ ಬದಲು ಆರು ಶನಿವಾರ, ದಿನಕ್ಕೆ ಎರಡು ಗಂಟೆ ಎಂದು ಹಂಚಿದೆವು. ಹೊಡೆತ, ಓಟಗಳಿಗೆ ಎರಡು ಶನಿವಾರ ಸಾಕಾದವು. ಹಿಡಿಯುವವರು ಬಿಡದೆ ಹಿಡಿಯಬೇಕೆಂಬುದು ಅಲ್ಲಿನ ನಿಯಮ. ಉಳಿದ ನಾಲ್ಕು ಶನಿವಾರ ಸನ್ನಿವೇಶಗಳ ಅಭ್ಯಾಸ. ಇಂಥ ಅಭ್ಯಾಸಕ್ಕೆ ಕೈಹಾಕುವ ಶಾಲೆ ಒಂದಕ್ಕೆ ತಯಾರಾಗಿರಬೇಕು: ಮಕ್ಕಳು ಬಾಯಿ ಬಿಡುತ್ತಾರೆ. ಹದಿನೆಂಟು ತುಂಬದವರ ಮೇಲೆ ನಡೆದ ಲೈಂಗಿಕ ಅಪರಾಧ ತಿಳಿದುಬಂದರೆ ಅದನ್ನು ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯಿದೆಯಂತೆ ಕಡ್ಡಾಯ, ಮುಚ್ಚಿಟ್ಟರೆ ಶಿಕ್ಷೆಯಿದೆ. ಕೇಳಿಸಿಕೊಳ್ಳುವ ಸಿದ್ಧತೆಯಿಲ್ಲದೆ ಮಾತು ಬಿಡಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ.

ನಾಲ್ಕನೆಯ ಶನಿವಾರ ಬೈಕಿನ ಸನ್ನಿವೇಶ. ಸಹೋದ್ಯೋಗಿಯೊಬ್ಬರು ನೆರೆಮನೆಯ ಅಣ್ಣನಾಗಿ ಕುರ್ಚಿಯನ್ನೇ ಬೈಕ್ ಮಾಡಿಕೊಂಡು ಕುಳಿತರು. ಈಗ ಹತ್ತನೆಯ ತರಗತಿಯಲ್ಲಿದ್ದ ಅದೇ ಹುಡುಗಿ ಎದುರು ನಿಂತಳು. "ಮಳೆ ಬರ್ತದೆ, ಹತ್ತು ಮಗಾ." ಮೊದಲ ಸಲ ಅವಳು ನಕ್ಕು, ತಲೆ ತಗ್ಗಿಸಿ, "ಬೇಡ ಅಣ್ಣ, ಅಮ್ಮ ಬರ್ತಾರೆ" ಎಂದಳು. ಅವರು ಬಿಡಲಿಲ್ಲ; ಅಮ್ಮನಿಗೆ ಫೋನು ಮಾಡಿದ್ದೇನೆ ಎಂದರು. ಅವಳು ಏನು ಹೇಳಬೇಕೆಂದು ತಿಳಿಯದೆ ನಮ್ಮ ಕಡೆ ನೋಡಿದಳು. ಕಾರಣ ಕೊಡಬೇಕಾಗಿಲ್ಲ, ಕಾರಣ ಕೊಟ್ಟರೆ ಅದನ್ನು ಕತ್ತರಿಸಲು ಅವರಿಗೆ ದಾರಿಯಾಗುತ್ತದೆ ಎಂದು ಹೇಳಿ ಮತ್ತೆ ಮಾಡಿಸಿದೆವು. ಎರಡನೆಯ ಸಲವೂ ನಗು ಬಂತು, ಮೂರನೆಯ ಸಲ ಧ್ವನಿ ನಡುಗಿತು. ನಾಲ್ಕನೆಯ ಸಲ ಅವರು ಕೈ ಹಿಡಿಯಲು ಬಂದಾಗ ಅವಳು ಎರಡು ಹೆಜ್ಜೆ ಹಿಂದೆ ಸರಿದು, ಅವರ ಮುಖ ನೋಡಿ, "ಬೇಡ. ಕೈ ತೆಗಿ" ಎಂದಳು. ಅಣ್ಣ ಎಂಬ ಮಾತು ಸೇರಲಿಲ್ಲ. ಸಭಾಂಗಣದ ಆಚೆಗಿನ ಅಡುಗೆಕೋಣೆಯಿಂದ ಬಿಸಿಯೂಟದ ಅಕ್ಕ ಏನಾಯಿತೆಂದು ಬಾಗಿಲಿಗೆ ಬಂದು ನಿಂತಿದ್ದರು, ಹುಡುಗಿ ಆಗಲೇ ಅವರ ಕಡೆಗೆ ನಡೆಯಲು ತೊಡಗಿದ್ದಳು.